ಹಳೆಯ ನಾಣ್ಯದ ನ್ಯಾಯವಾದ ಬೆಲೆ

ಒಂದು ವಸ್ತುವಿನ ಬೆಲೆಯು ಆ ವಸ್ತುವಿನಲ್ಲಿಯೇ ಅಡಗಿರುವುದೋ, ಅಥವಾ ಅದನ್ನು ಬಯಸುವವನ ಮನಸ್ಸಿನಲ್ಲಿ ಹುಟ್ಟುವುದೋ ಎಂಬ ಪ್ರಶ್ನೆಯು ಬಹಳ ಹಳೆಯದು. ಅಕ್ಕಿಬೇಳೆಗಳನ್ನು ಕೊಳ್ಳುವ ಗೃಹಸ್ಥನಿಗೆ ಈ ಪ್ರಶ್ನೆಯು ಏಳುವುದೇ ಇಲ್ಲ. ಪೇಟೆಯ ಧಾರಣೆಯು ಅವನ ಪರವಾಗಿ ಉತ್ತರವನ್ನು ಹೇಳಿಬಿಡುತ್ತದೆ. ಬಂಗಾರವನ್ನು ಕೊಳ್ಳುವವನಿಗೂ ಹಾಗೆಯೇ. ಆ ದಿನದ ದರವನ್ನು ಅಂಗಡಿಯ ಹಲಗೆಯ ಮೇಲೆ ಬರೆದಿರುತ್ತಾರೆ. ಆದರೆ ನೂರು ವರ್ಷಗಳ ಹಿಂದಿನ ಬೆಳ್ಳಿಯ ರೂಪಾಯಿಯೊಂದನ್ನು ಅಂಗೈಯಲ್ಲಿಟ್ಟುಕೊಂಡು, ಇದಕ್ಕೆ ಎಷ್ಟು ಕೊಡಬಹುದೆಂದು ಕೇಳಿನೋಡಿ. ಅಕ್ಕಸಾಲಿಗನು ಒಂದು ಬೆಲೆಯನ್ನು ಹೇಳುತ್ತಾನೆ, ಹಳೆಯ ಸಾಮಾನಿನ ವ್ಯಾಪಾರಿಯು ಇನ್ನೊಂದನ್ನು ಹೇಳುತ್ತಾನೆ, ನಾಣ್ಯಗಳನ್ನು ಸಂಗ್ರಹಿಸುವವನು ಮತ್ತೊಂದನ್ನು ಹೇಳುತ್ತಾನೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲವೆಂಬುದೇ ಇದರಲ್ಲಿರುವ ತೊಡಕು.

ಮೂವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ, ಈಗ ಬಂಗಾರಪೇಟೆಯಲ್ಲಿ ವಿಶ್ರಾಂತಿಯಿಂದಿರುವ ನನಗೆ ನಾಣ್ಯಗಳ ಅಭಿರುಚಿಯು ವ್ಯಾಕರಣದ ಮೂಲಕ ಬಂದಿತು. ರೂಪಾಯಿ ಎಂಬ ಮಾತಿಗೆ ಮೂಲವಾದ ರೂಪ್ಯ ಶಬ್ದವನ್ನು ಸಾಧಿಸುವಾಗ ಪಾಣಿನಿಯು ಅಚ್ಚೊತ್ತಲ್ಪಟ್ಟದ್ದೆಂಬ ಅರ್ಥವನ್ನು ಹೇಳುತ್ತಾನೆ. ಅಚ್ಚನ್ನು ಕಣ್ಣಾರೆ ನೋಡಬೇಕೆಂಬ ಕುತೂಹಲವು ಅಲ್ಲಿಂದ ಹುಟ್ಟಿತು. ಅದಕ್ಕೆ ಇಂಬು ಕೊಟ್ಟದ್ದು ನಮ್ಮ ತಾಲ್ಲೂಕಿನ ಬೂದಿಕೋಟೆ. ಅಲ್ಲಿ ಹುಟ್ಟಿದ ಹೈದರಾಲಿಯು ರಾಜ್ಯಕ್ಕೆ ಬಂದ ಮೇಲೆ ಹೊಡೆಸಿದ ಚಿನ್ನದ ಹೊನ್ನಿನ ಒಂದು ಮುಖದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಇನ್ನೊಂದು ಮುಖದಲ್ಲಿ ತನ್ನ ಹೆಸರಿನ ಮೊದಲ ಪಾರಸೀ ಅಕ್ಷರವನ್ನು ಮಾತ್ರ ಒತ್ತಿಸಿದನು. ಜನರು ನಂಬಿದ್ದ ಮುದ್ರೆಯನ್ನು ಬದಲಾಯಿಸಿದರೆ ನಾಣ್ಯವು ಕೈಯಿಂದ ಕೈಗೆ ಸಲೀಸಾಗಿ ಸಾಗಲಾರದೆಂಬುದನ್ನು ಅವನು ಬಲ್ಲವನಾಗಿದ್ದನು. ಇಂಥ ಸಂಗತಿಗಳು ಮೂರೂವರೆ ಗ್ರಾಮಿಗಿಂತ ಕಡಿಮೆ ತೂಗುವ ಒಂದು ಬಿಲ್ಲೆಯಲ್ಲಿ ಅಡಗಿರುವಾಗ ಅದರ ಮೋಹವು ಮೇಷ್ಟರನ್ನು ಬಿಡುವುದುಂಟೆ?

ಆದರೆ ನಾವಿರುವ ಊರು ತೂಕವನ್ನು ಬಲ್ಲ ಊರು. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಕೋಲಾರದ ಚಿನ್ನದ ಗಣಿಗಳಿಗೆ ಕಾಲಿಟ್ಟಂದಿನಿಂದ, ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ, ಇಲ್ಲಿಯ ಜನರು ಭೂಮಿಯೊಳಕ್ಕೆ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಕಲ್ಲನ್ನು ಒಡೆದು ಚಿನ್ನವನ್ನು ಮೇಲೆ ತಂದರು. ಲೆವಿನ್ ಬೌರಿಂಗ್ ಎಂಬ ಕಮೀಷನರ ಹೆಸರನ್ನು ಹೊತ್ತು ಬೌರಿಂಗ್‌ಪೇಟೆಯಾಗಿದ್ದ ನಮ್ಮ ಊರು ಬಂಗಾರಪೇಟೆಯಾದುದೂ ಆ ಚಿನ್ನದ ನೆರೆಯಿಂದಲೇ. ಆದಕಾರಣ ಇಲ್ಲಿ ಲೋಹವನ್ನು ಕಂಡವರು ಮೊದಲು ಕೇಳುವ ಪ್ರಶ್ನೆ ಎಷ್ಟು ತೂಕ, ಎಷ್ಟು ಮಚ್ಚು ಎಂಬುದೇ. ತಕ್ಕಡಿಗೂ ಒರೆಗಲ್ಲಿಗೂ ಸಿಕ್ಕದ ಬೆಲೆಯೊಂದುಂಟೆಂದರೆ ನಗುವವರೇ ಹೆಚ್ಚು.

ಹೀಗಿರುವಲ್ಲಿ ಕಳೆದ ವರ್ಷ ಒಂದು ದಿನ, ನನ್ನ ಹಳೆಯ ಶಿಷ್ಯನೊಬ್ಬನ ತಾಯಿಯವರು ಚಾಂಪಿಯನ್ ರೀಫ್ಸಿನಿಂದ ನಮ್ಮ ಮನೆಗೆ ಬಂದರು. ಅವರ ಯಜಮಾನರು ಗಣಿಯು ಮುಚ್ಚುವವರೆಗೆ ಅಲ್ಲಿ ದುಡಿದು, ಕೆಲವು ವರ್ಷಗಳ ಅನಂತರ ತೀರಿಕೊಂಡವರು. ಮೊಮ್ಮಗಳು ದಾದಿಯರ ಶಿಕ್ಷಣದ ಕಾಲೇಜಿಗೆ ಸೇರಿದ್ದಳು; ಶುಲ್ಕವನ್ನು ಕಟ್ಟಲು ಇಪ್ಪತ್ತು ದಿನಗಳ ವಾಯಿದೆಯಿತ್ತು. ಸೆರಗಿನ ಗಂಟಿನಿಂದ ಅವರು ಒಂದು ಸವರನ್ನನ್ನೂ ಹನ್ನೆರಡು ಬೆಳ್ಳಿಯ ರೂಪಾಯಿಗಳನ್ನೂ ತೆಗೆದು ಮೇಜಿನ ಮೇಲಿಟ್ಟರು. ಯಜಮಾನರ ತಾತನ ಕಾಲದಿಂದ ಬಂದವೆಂದೂ, ಪೇಟೆಯಲ್ಲಿ ಎಲ್ಲವನ್ನೂ ಒಟ್ಟಿಗೆ ತೂಗಿ ಒಂದು ಮೊತ್ತವನ್ನು ಹೇಳಿದ್ದಾರೆಂದೂ ತಿಳಿಸಿದರು. ಕೊನೆಗೆ ಹೇಳಿದ ಮಾತು ಇದು:

"ಮೇಷ್ಟ್ರೇ, ನಿಮಗೆ ಇಂಥವುಗಳಲ್ಲಿ ಆಸೆಯಂತೆ. ನೀವೇ ಇಟ್ಟುಕೊಂಡು ಧರ್ಮವಾಗಿ ತೋಚಿದ್ದು ಕೊಡಿ. ನಿಮ್ಮ ಕೈಯಿಂದ ಬಂದದ್ದರಲ್ಲಿ ಮೋಸವಿರುವುದಿಲ್ಲ."

ಭೂತಗನ್ನಡಿಯನ್ನು ತೆಗೆದುಕೊಂಡು ನಾನು ಒಂದೊಂದನ್ನೇ ನೋಡಿದೆನು. ಅಂದು ನಾನು ನೋಡಿದ ಕ್ರಮವನ್ನೇ ವಾಚಕರ ಮುಂದಿಡುತ್ತೇನೆ. ಏಕೆಂದರೆ ಹಳೆಯ ನಾಣ್ಯದ ಬೆಲೆಯು ಯಾವ ಯಾವ ಅಂಶಗಳಿಂದ ಕೂಡಿದೆಯೆಂಬುದು ಅದರಿಂದಲೇ ತಿಳಿಯುತ್ತದೆ.

ಮೊದಲನೆಯದು ಲೋಹ. ಸವರನ್ನು ೭.೯೮ ಗ್ರಾಂ ತೂಗುವ ಇಪ್ಪತ್ತೆರಡು ಕ್ಯಾರೆಟ್ಟಿನ ಚಿನ್ನ. ಅದರಲ್ಲಿ ಅಪ್ಪಟ ಚಿನ್ನವು ೭.೩೨ ಗ್ರಾಂ. ಅವರು ತಂದಿದ್ದುದು ೧೯೧೮ರದು. ಕುದುರೆಯ ಕಾಲಿನ ಕೆಳಗೆ, ಇಸವಿಯ ಮೇಲ್ಗಡೆ, ಇಂಡಿಯಾ ಎಂಬುದರ ಮೊದಲ ಇಂಗ್ಲಿಷ್ ಅಕ್ಷರವು ಅತಿ ಸಣ್ಣದಾಗಿ ಒತ್ತಲ್ಪಟ್ಟಿತ್ತು. ಬ್ರಿಟಿಷರ ಸವರನ್ನು ನಮ್ಮ ದೇಶದ ಮುಂಬಯಿ ಟಂಕಸಾಲೆಯಲ್ಲಿ ತಯಾರಾದುದು ಆ ಒಂದು ವರ್ಷ ಮಾತ್ರ. ಆದರೆ ಕಾಸಿನ ಸರಕ್ಕೆ ಪೋಣಿಸಲೆಂದು ಅದಕ್ಕೆ ಹಿಂದೆ ಯಾವಾಗಲೋ ಕೊಂಡಿಯನ್ನು ಬೆಸೆದಿದ್ದರು; ಕೊಂಡಿಯು ಹೋಗಿದ್ದರೂ ಬೆಸುಗೆಯ ಗುರುತು ಅಂಚಿನಲ್ಲಿ ಉಳಿದಿತ್ತು. ಸಂಗ್ರಾಹಕನು ಇಂಥದಕ್ಕೆ ಚಿನ್ನದ ಬೆಲೆಗಿಂತ ಹೆಚ್ಚೇನನ್ನೂ ಕೊಡುವುದಿಲ್ಲ. ಬೆಳ್ಳಿಯ ರೂಪಾಯಿಯು ೧೧.೬೬ ಗ್ರಾಂ ತೂಗುತ್ತದೆ. ೧೯೩೯ರವರೆಗಿನದರಲ್ಲಿ ನೂರಕ್ಕೆ ಸುಮಾರು ೯೨ ಪಾಲು ಬೆಳ್ಳಿ. ೧೯೪೦ರಿಂದ ಅರ್ಧ ಮಾತ್ರ ಬೆಳ್ಳಿಯಾಯಿತು. ೧೯೪೭ರಿಂದ ಬೆಳ್ಳಿಯೇ ಹೋಗಿ ನಿಕಲ್ ಬಂದಿತು. ಆದಕಾರಣ ಹಳೆಯ ರೂಪಾಯಿಗಳೆಲ್ಲ ಒಂದೇ ಎಂದು ಒಟ್ಟಾಗಿ ತೂಗುವವನ ಲೆಕ್ಕವು ಲೋಹದ ಮಟ್ಟಿಗೂ ಸರಿಯಲ್ಲ.

ಎರಡನೆಯದು ವಿರಳತೆ. ಹಳೆಯದಾದುದೆಲ್ಲ ವಿರಳವೆಂಬುದು ಜನರಲ್ಲಿ ಬೇರೂರಿರುವ ಭ್ರಮೆ. ವಿಕ್ಟೋರಿಯಾ ರಾಣಿಯ ೧೮೬೨ರ ರೂಪಾಯಿಯನ್ನು ಅದೇ ಇಸವಿಯ ಅಚ್ಚಿನಿಂದಲೇ ೧೮೭೪ರವರೆಗೆ ಹೊಡೆಯುತ್ತಿದ್ದರು. ಅದು ಬೇಕಾದಷ್ಟು ದೊರೆಯುತ್ತದೆ. ಅದಕ್ಕಿಂತ ಅರ್ಧ ಶತಮಾನ ಕಿರಿಯದಾದ ೧೯೧೧ರ ಐದನೆಯ ಜಾರ್ಜ್ ದೊರೆಯ ರೂಪಾಯಿಯು ಅಷ್ಟು ಸುಲಭವಾಗಿ ಸಿಕ್ಕುವುದಿಲ್ಲ. ಅದರ ಕಥೆಯು ವಿನೋದವಾದುದು. ದೊರೆಯ ನಿಲುವಂಗಿಯ ಮೇಲೆ ಕೊರೆದಿದ್ದ ಪುಟ್ಟ ಆನೆಯ ಸೊಂಡಿಲು ಬಹಳ ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಜನರಲ್ಲಿ, ಮುಖ್ಯವಾಗಿ ಮುಸಲ್ಮಾನರಲ್ಲಿ, ಅಸಮಾಧಾನವೆದ್ದಿತು. ಹೊಡೆದಿದ್ದ ಸುಮಾರು ೯೪ ಲಕ್ಷ ರೂಪಾಯಿಗಳಲ್ಲಿ ಚಲಾವಣೆಗೆ ಬಿಟ್ಟದ್ದು ಸುಮಾರು ೭ ಲಕ್ಷ ಮಾತ್ರ. ಉಳಿದವು ಮತ್ತೆ ಕುಲುಮೆಯನ್ನು ಸೇರಿದವು. ೧೯೧೨ರ ಅಚ್ಚಿನಲ್ಲಿ ಆನೆಯನ್ನು ತಿದ್ದಿದರು. ಆ ತಾಯಿಯವರು ತಂದ ಹನ್ನೆರಡರಲ್ಲಿ ಒಂದು ೧೯೧೧ರದಾಗಿತ್ತು. ಇತರ ವರ್ಷದ ನಾಣ್ಯದ ಕೊನೆಯ ಅಂಕಿಯನ್ನು ಯಾರಾದರೂ ತಿದ್ದಿರಬಹುದೆಂಬ ಅನುಮಾನಕ್ಕೆ ಇದರಲ್ಲಿ ಎಡೆಯಿಲ್ಲ; ಹಾಗೆ ತಿದ್ದಿದ್ದರೆ ಆನೆಯೇ ಸಾಕ್ಷಿಯನ್ನು ಹೇಳಿಬಿಡುತ್ತದೆ.

ಮೂರನೆಯದು ಸ್ಥಿತಿ. ಒಂದೇ ವರ್ಷದ, ಒಂದೇ ಟಂಕಸಾಲೆಯ ಎರಡು ನಾಣ್ಯಗಳಲ್ಲಿ ಕಿರೀಟದ ಗೆರೆಗಳು ಸವೆದದ್ದಕ್ಕೂ ಸವೆಯದ್ದಕ್ಕೂ ಬೆಲೆಯಲ್ಲಿ ಐದಾರು ಪಟ್ಟು ಅಂತರವಿರುವುದುಂಟು. ಟಿಪ್ಪುವು ತನ್ನ ತಾಮ್ರದ ಕಾಸುಗಳಿಗೆ ಜೊಹ್ರಾ, ಬಹ್ರಾಮ್, ಅಖ್ತರ್, ಕುತ್ಬ್ ಎಂದು ಗ್ರಹನಕ್ಷತ್ರಗಳ ಹೆಸರುಗಳನ್ನಿಟ್ಟನು. ಸವೆದ ಕಾಸುಗಳು ಅಗ್ಗವಾಗಿ ದೊರೆಯುತ್ತವೆ. ಆನೆಯ ಕಾಲಿನ ಉಗುರಿನವರೆಗೂ ಸ್ಪಷ್ಟವಾಗಿರುವುದು ದೊರೆಯುವುದು ಅಪೂರ್ವ. ಇಲ್ಲಿ ಗೃಹಿಣಿಯರಿಗೆ ಒಂದು ಮಾತು. ದೀಪಾವಳಿಯ ಲಕ್ಷ್ಮೀಪೂಜೆಗೆಂದು ಬೆಳ್ಳಿಯ ನಾಣ್ಯಗಳನ್ನು ಹುಣಸೆಹಣ್ಣು ಹಚ್ಚಿ, ಬೂದಿಯಿಂದ ತಿಕ್ಕಿ ಬೆಳಗುವುದು ನಮ್ಮ ಮನೆಗಳ ವಾಡಿಕೆ. ಪೂಜೆಗೆ ಅದು ಶೋಭೆಯೇ ಹೌದು. ಆದರೆ ಬೆಳ್ಳಿಯ ಮೇಲೆ ನೂರು ವರ್ಷಗಳಿಂದ ಕೂತ ಕಪ್ಪನೆಯ ಹೊಳಪು ಒಮ್ಮೆ ಹೋಯಿತೆಂದರೆ ಮತ್ತೆ ಬರುವುದಿಲ್ಲ. ಹನ್ನೊಂದು ರೂಪಾಯಿಗಳು ಹಾಗೆ ವರ್ಷವರ್ಷವೂ ಬೆಳಗಿ ಬೆಳಗಿ ನುಣುಪಾಗಿದ್ದವು. ೧೯೧೧ರದು ಮಾತ್ರ ತಗಡಿನ ಪೆಟ್ಟಿಗೆಯ ತಳದಲ್ಲಿ ಕಾಗದದಲ್ಲಿ ಸುತ್ತಿದ್ದು ಮರೆತುಹೋಗಿದ್ದುದರಿಂದ ಉಳಿದುಕೊಂಡಿತ್ತು.

ನಾಲ್ಕನೆಯದು ಬಯಸುವವರ ಸಂಖ್ಯೆ. ಇದನ್ನು ಊಹಿಸಬೇಕಾಗಿಲ್ಲ. ಮುಂಬಯಿಯ ಟೋಡಿವಾಲಾ, ಅಹಮದಾಬಾದಿನ ಕ್ಲಾಸಿಕಲ್ ನ್ಯೂಮಿಸ್ಮ್ಯಾಟಿಕ್ ಗ್ಯಾಲರಿ, ಬೆಂಗಳೂರಿನ ಮರುಧರ್ ಆರ್ಟ್ಸ್ ಮೊದಲಾದ ಸಂಸ್ಥೆಗಳು ನಾಣ್ಯಗಳ ಹರಾಜನ್ನು ನಡೆಸುತ್ತವೆ. ಒಂದು ಜಾತಿಯ ನಾಣ್ಯವು ಹಿಂದಿನ ಹರಾಜುಗಳಲ್ಲಿ ಎಷ್ಟೆಷ್ಟಕ್ಕೆ ಹೋಯಿತೆಂಬ ಲೆಕ್ಕವನ್ನು ತಿಳಿದುಕೊಂಡರೆ ಬೆಲೆಯ ಮೇರೆಯು ಗೋಚರವಾಗುತ್ತದೆ. ಇದರಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ಒಂದೇ ಸ್ಥಿತಿಯ ನಾಣ್ಯವು ಐದು ಸಲ ೭,೫೦೦, ೮,೦೦೦, ೮,೫೦೦, ೯,೦೦೦, ೨೧,೦೦೦ ರೂಪಾಯಿಗಳಿಗೆ ಹೋಯಿತೆಂದಿಟ್ಟುಕೊಳ್ಳೋಣ. ಮಾರುವವನು ೨೧,೦೦೦ವನ್ನೇ ಎತ್ತಿ ತೋರಿಸುತ್ತಾನೆ. ಐದನ್ನೂ ಕೂಡಿಸಿ ಸರಾಸರಿಯನ್ನು ತೆಗೆದರೂ ೧೦,೮೦೦ ಆಗಿ, ಆ ಒಂದೇ ಮೊತ್ತದ ಭಾರಕ್ಕೆ ಲೆಕ್ಕವು ಬಾಗಿಬಿಡುತ್ತದೆ. ಸಾಲಾಗಿ ಬರೆದು ನಡುವಿನದನ್ನು, ಅಂದರೆ ೮,೫೦೦ನ್ನು ಹಿಡಿಯುವುದೇ ಸರಿ. ಒಬ್ಬನು ಒಂದು ದಿನ ಪಟ್ಟ ಉದ್ವೇಗವು ಎಲ್ಲರಿಗೂ ಅಳತೆಗೋಲಾಗಬಾರದು.

ಹೀಗೆ ನೋಡಿ ಮುಗಿಸುವಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಆ ನಾಣ್ಯದ ಬೆಲೆಯು ಸಿದ್ಧವಾಗಿತ್ತು. ಅದು ನನಗೆ ಬೇಕೆಂಬ ಆಸೆಯೂ ಸಿದ್ಧವಾಗಿತ್ತು. ಅವರ ಎದುರಿಗೆ ಪೇಟೆಯವರು ಹೇಳಿದ್ದರ ಎರಡರಷ್ಟನ್ನು ಕೊಟ್ಟಿದ್ದರೂ ಅವರು ಕೈಮುಗಿದು ಹೋಗುತ್ತಿದ್ದರು. ನನ್ನನ್ನು ಧರ್ಮಿಷ್ಠನೆಂದೂ ಹೊಗಳುತ್ತಿದ್ದರು. ಆದರೆ ತಕ್ಕಡಿಯನ್ನು ಹಿಡಿದವನೇ ಕೊಳ್ಳುವವನೂ ಆದಲ್ಲಿ, ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಅವನ ಬೆರಳು ತಟ್ಟೆಯ ಕಡೆಗೆ ಬಾಗುತ್ತದೆ. ಕೊಳ್ಳುವವನಿಗೆ ಎಲ್ಲವೂ ಗೊತ್ತಿದ್ದು, ಮಾರುವವನಿಗೆ ಏನೂ ಗೊತ್ತಿಲ್ಲದಿರುವ ವ್ಯವಹಾರದಲ್ಲಿ ನ್ಯಾಯವಾದ ಬೆಲೆಯೆಂಬುದಕ್ಕೆ ಸಾಕ್ಷಿಯೇ ಇರುವುದಿಲ್ಲ.

ಈ ಸಂದರ್ಭದಲ್ಲಿ ನನಗೆ ನೆನಪಾದುದು ಕೌಟಿಲ್ಯನ ಅರ್ಥಶಾಸ್ತ್ರ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಅದರ ಓಲೆಗರಿಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಅಚ್ಚುಹಾಕಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ನಾಣ್ಯಗಳನ್ನು ಪರೀಕ್ಷಿಸಲು ರೂಪದರ್ಶಕನೆಂಬ ಅಧಿಕಾರಿಯನ್ನು ಆ ಗ್ರಂಥವು ಹೇಳುತ್ತದೆ. ಮಾರಾಟದ ವಿಚಾರದಲ್ಲಿ ಅದರ ವಿಧಿಯೇನೆಂದರೆ, ಸರಕಿನ ಪ್ರಮಾಣವನ್ನೂ ಬೆಲೆಯನ್ನೂ ಬಹಿರಂಗವಾಗಿ ಸಾರಿ, ಈ ಬೆಲೆಗೆ ಕೊಳ್ಳುವವರು ಯಾರೆಂದು ಮೂರು ಸಲ ಕೂಗಬೇಕು. ಇಂದಿಗೂ ಹರಾಜಿನಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಎಂದು ಕೂಗುವುದನ್ನು ಕೇಳಿದವರಿಗೆ ಇದು ಅಪರಿಚಿತವೆನಿಸದು. ಆದರೆ ಅದರ ಮುಂದಿನ ವಿಧಿಯು ನಮ್ಮನ್ನು ನಿಲ್ಲಿಸಿ ಯೋಚಿಸುವಂತೆ ಮಾಡುತ್ತದೆ. ಕೊಳ್ಳುವವರ ಸ್ಪರ್ಧೆಯಿಂದ ಬೆಲೆಯು ಏರಿದರೆ, ಏರಿದ ಭಾಗವು ಸುಂಕದೊಡನೆ ರಾಜನ ಬೊಕ್ಕಸಕ್ಕೆ ಸೇರತಕ್ಕದ್ದು. ಸಾರಿದ ಬೆಲೆಯು ಬೇರೆ, ಪೈಪೋಟಿಯು ಅದಕ್ಕೆ ಕೂಡಿಸಿದ್ದು ಬೇರೆ ಎಂಬ ವಿವೇಕವು ಇದರಲ್ಲಿದೆ.

ಪಶ್ಚಿಮ ದೇಶದ ವಿದ್ವಾಂಸರೂ ಇದೇ ಗಂಟನ್ನು ಬೇರೊಂದು ಬಗೆಯಲ್ಲಿ ಬಿಡಿಸಲು ಯತ್ನಿಸಿದ್ದಾರೆ. ೧೯೯೬ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ವಿಲಿಯಂ ವಿಕ್ರೆಯವರು ೧೯೬೧ರ ಲೇಖನವೊಂದರಲ್ಲಿ ಒಂದು ಹರಾಜಿನ ಕ್ರಮವನ್ನು ವಿವೇಚಿಸಿದರು. ಎಲ್ಲರೂ ತಮ್ಮ ಬೆಲೆಯನ್ನು ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು; ಹೆಚ್ಚು ಬರೆದವನಿಗೆ ವಸ್ತುವು ಸಿಕ್ಕಬೇಕು; ಆದರೆ ಅವನು ತೆರಬೇಕಾದುದು ಎರಡನೆಯವನು ಬರೆದ ಮೊತ್ತವನ್ನು. ಆಗ ಪ್ರತಿಯೊಬ್ಬನೂ ತನ್ನ ಮನಸ್ಸಿನಲ್ಲಿರುವ ನಿಜವಾದ ಬೆಲೆಯನ್ನೇ ಬರೆಯುವುದು ಲಾಭಕರವಾಗುತ್ತದೆ. ೧೯೭೧ರಲ್ಲಿ ಅಮೆರಿಕದ ಎಣ್ಣೆಬಾವಿಗಳ ಇಂಜಿನಿಯರು ಮೂವರು ಇನ್ನೊಂದು ಸತ್ಯವನ್ನು ಎತ್ತಿ ತೋರಿಸಿದರು: ಬೆಲೆಯು ಯಾರಿಗೂ ಖಚಿತವಾಗಿ ತಿಳಿಯದ ವಸ್ತುವನ್ನು ಹಲವರು ಅಂದಾಜು ಮಾಡಿದಾಗ, ಗೆಲ್ಲುವವನು ಸಾಮಾನ್ಯವಾಗಿ ಎಲ್ಲರಿಗಿಂತ ಹೆಚ್ಚಾಗಿ ಅಂದಾಜು ಮಾಡಿದವನು. ಗೆಲುವಿನಲ್ಲಿಯೇ ನಷ್ಟದ ಬೀಜವಿರುತ್ತದೆ. ಇವೆರಡರಿಂದ ನನಗೆ ಹೊಳೆದದ್ದು ಇಷ್ಟು: ನಾಣ್ಯವನ್ನು ಕೊಂಡ ಮರುದಿನ ಅದನ್ನು ಮಾರಬೇಕಾದರೆ, ನಿನ್ನೆ ಎರಡನೆಯವನಾಗಿ ನಿಂತವನು ಕೊಡುವ ಬೆಲೆಯೇ ನಮ್ಮ ಕೈಗೆ ಬರುವ ಬೆಲೆ. ಆದಕಾರಣ ಎರಡನೆಯವನ ಕಣ್ಣಿನಿಂದ ನೋಡುವುದನ್ನು ಕೊಳ್ಳುವವನು ಅಭ್ಯಾಸ ಮಾಡಬೇಕು.

ಆ ತಾಯಿಯವರಿಗೆ ನಾನು ಹೀಗೆಂದೆನು: "ಅಮ್ಮಾ, ಇವುಗಳನ್ನು ಒಟ್ಟಿಗೆ ತೂಗಬೇಡಿ. ಸವರನ್ನಿಗೆ ಚಿನ್ನದ ಬೆಲೆಯುಂಟು. ಇಂದಿನ ದರವನ್ನು ಕೇಳಿ, ಎರಡು ಮೂರು ಅಂಗಡಿಗಳಲ್ಲಿ ತೂಗಿಸಿ, ಹೆಚ್ಚು ಕೊಡುವವರಿಗೆ ಕೊಡಿ. ಮೊಮ್ಮಗಳ ಶುಲ್ಕವು ಅದರಿಂದ ತೀರಲಿ. ಹನ್ನೊಂದು ರೂಪಾಯಿಗಳನ್ನು ಪೂಜೆಗೆ ಇಟ್ಟುಕೊಳ್ಳಿ. ಈ ಒಂದನ್ನು ಹರಾಜಿಗೆ ಕಳುಹಿಸೋಣ. ಹಣವು ಬರಲು ತಿಂಗಳುಗಳಾಗುತ್ತವೆ. ಅಲ್ಲಿ ನಾನೂ ಒಬ್ಬ ಸವಾಲುದಾರನಾಗಿ ಕೂಡುತ್ತೇನೆ; ಎಲ್ಲರ ಎದುರಿಗೆ ಕೇಳಿ ಸಿಕ್ಕಿದರೆ ತೆಗೆದುಕೊಳ್ಳುತ್ತೇನೆ."

ಅವರಿಗೆ ಮೊದಲು ಇದು ರುಚಿಸಲಿಲ್ಲ. ಚಿನ್ನವನ್ನು ಬಿಟ್ಟು ಬೆಳ್ಳಿಯ ಒಂದು ರೂಪಾಯಿಗೆ ಇಷ್ಟು ಗೌರವವೇ ಎಂದು ನಕ್ಕರು. ಆದರೂ ಮಗನೊಡನೆ ಯೋಚಿಸಿ ಒಪ್ಪಿದರು. ಸವರನ್ನಿಗೆ ಮೂರನೆಯ ಅಂಗಡಿಯಲ್ಲಿ ಮೊದಲನೆಯದಕ್ಕಿಂತ ಹೆಚ್ಚಿನ ಬೆಲೆಯು ಬಂದು, ಶುಲ್ಕವು ವಾಯಿದೆಯೊಳಗೆ ಕಟ್ಟಲ್ಪಟ್ಟಿತು.

ಹರಾಜಿನ ದಿನಕ್ಕೆ ಮುಂಚೆ ನನ್ನ ಮೇರೆಯನ್ನು ಮನೆಯಲ್ಲಿಯೇ ಕುಳಿತು ಗೊತ್ತುಮಾಡಿದೆನು. ಇದರಲ್ಲಿ ಹೊಸಬರು ಮರೆಯುವ ಅಂಶವೊಂದುಂಟು. ಸುತ್ತಿಗೆಯ ಪೆಟ್ಟಿಗೆ ನಿಂತ ಮೊತ್ತವು ಕೊಡಬೇಕಾದ ಮೊತ್ತವಲ್ಲ; ಅದರ ಮೇಲೆ ಸಂಸ್ಥೆಯ ಕಮಿಷನ್ನು ಕೊಳ್ಳುವವನ ತಲೆಗೆ ಬೀಳುತ್ತದೆ. ಕಮಿಷನ್ನು ನೂರಕ್ಕೆ ೧೫ ಎಂದಿಟ್ಟುಕೊಂಡರೆ, ೯,೦೦೦ ರೂಪಾಯಿಗಳ ಸವಾಲಿಗೆ ೧,೩೫೦, ಆ ಕಮಿಷನ್ನಿನ ಮೇಲೆ ನೂರಕ್ಕೆ ೧೮ರಂತೆ ತೆರಿಗೆ ೨೪೩, ಒಟ್ಟು ೧೦,೫೯೩. ನಾಣ್ಯದ ಮೇಲಿನ ತೆರಿಗೆ, ಅಂಚೆ, ವಿಮೆಗಳು ಬೇರೆ. ಆದಕಾರಣ ಕೈಯಿಂದ ಎಷ್ಟು ಹೋಗಬಹುದೆಂಬುದನ್ನು ಮೊದಲು ನಿಶ್ಚಯಿಸಿ, ಹಿಂದಕ್ಕೆ ಲೆಕ್ಕ ಹಾಕುತ್ತ ಬಂದು ಸವಾಲಿನ ಮೇರೆಯನ್ನು ಕಾಣಬೇಕು. ನನ್ನ ಪಿಂಚಣಿಗೂ ಆ ನಾಣ್ಯಕ್ಕೂ ಒಪ್ಪುವ ಮೇರೆಯು ೯,೦೦೦ ಎಂದು ತೋರಿತು. ಅದನ್ನು ಚೀಟಿಯಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಮಾರಿಕುಪ್ಪದಿಂದ ಬಂಗಾರಪೇಟೆಯ ಮೇಲೆ ಹೋಗುವ ಬೆಳಗಿನ ರೈಲನ್ನು ಹತ್ತಿ ಬೆಂಗಳೂರಿಗೆ ಹೋದೆನು.

ಸವಾಲು ೪,೦೦೦ಕ್ಕೆ ಪ್ರಾರಂಭವಾಯಿತು. ಐದಾರು ಮಂದಿ ಕೈಯೆತ್ತಿದರು. ೭,೦೦೦ ಆಗುವ ಹೊತ್ತಿಗೆ ಮೂವರು ಉಳಿದೆವು. ೯,೦೦೦ ನನ್ನದಾಗಿತ್ತು. ಕೂಗುವವನು ಎರಡು ಸಲ ಎಂದಾಗ ನನ್ನ ಎದೆಯು ಹೊಡೆದುಕೊಂಡದ್ದು ನಿಜ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ೯,೫೦೦ ಎಂಬ ಕೂಗು ಬಂದಿತು. ಇನ್ನು ಐನೂರು ರೂಪಾಯಿಗಳಲ್ಲವೆ, ಇಷ್ಟು ದೂರ ಬಂದ ಮೇಲೆ ಬಿಡುವುದೇ ಎಂದು ಮನಸ್ಸು ವಾದಿಸತೊಡಗಿತು. ಹರಾಜಿನ ಮನೆಯಲ್ಲಿ ಮನಸ್ಸು ಯಾವಾಗಲೂ ಐನೂರರ ಮಾತನ್ನೇ ಆಡುತ್ತದೆ. ಒಟ್ಟು ಮೊತ್ತವನ್ನು ಹೇಳುವುದಿಲ್ಲ. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದೆನು. ಉಳಿದಿಬ್ಬರು ಹಟಕ್ಕೆ ಬಿದ್ದವರಂತೆ ಏರಿಸುತ್ತ ಹೋಗಿ, ನಾಣ್ಯವು ೧೪,೦೦೦ಕ್ಕೆ ನಿಂತಿತು.

ಕೊಂಡವನ ದೃಷ್ಟಿಯಿಂದ ನೋಡಿದರೆ ಅದು ನ್ಯಾಯವಾದ ಬೆಲೆಯಲ್ಲವೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ರೈಲಿನಲ್ಲಿ ಹಿಂದಿರುಗುವಾಗ ಒಂದು ಯೋಚನೆಯು ಬಂದಿತು. ಕೌಟಿಲ್ಯನ ಕಾಲವಾಗಿದ್ದರೆ ಬೊಕ್ಕಸಕ್ಕೆ ಹೋಗಬೇಕಾಗಿದ್ದ ಆ ಹೆಚ್ಚಳವು ಈಗ ಚಾಂಪಿಯನ್ ರೀಫ್ಸಿನ ಗಣಿ ಲೈನಿನ ಒಂದು ಮನೆಗೆ ಹೋಗುತ್ತಿತ್ತು. ಯಾವ ಪೈಪೋಟಿಯನ್ನು ಕೊಳ್ಳುವವನಿಗೆ ರೋಗವೆಂದು ನಾನು ಬಗೆದಿದ್ದೆನೋ, ಅದೇ ಪೈಪೋಟಿಯು ಏನೂ ತಿಳಿಯದ ಮಾರುವವರಿಗೆ ರಕ್ಷಣೆಯಾಗಿತ್ತು. ಅಂದು ಮೇಜಿನ ಮೇಲೆ ನಾನೇ ಧರ್ಮವಾಗಿ ಬೆಲೆಯನ್ನು ಕಟ್ಟಿದ್ದರೆ, ಎಷ್ಟೇ ಧಾರಾಳವಾಗಿ ಕಟ್ಟಿದ್ದರೂ ೯,೦೦೦ವನ್ನು ದಾಟುತ್ತಿರಲಿಲ್ಲ. ಮಾರುವವರ ಪಾಲಿನ ಕಮಿಷನ್ನು ಕಳೆದು ಬಂದ ಹಣದಿಂದ ಮೊಮ್ಮಗಳ ಪುಸ್ತಕಗಳೂ ಸಮವಸ್ತ್ರವೂ ಆದವೆಂದು ಆಮೇಲೆ ತಿಳಿಯಿತು.

ಇಂಥ ಹಳೆಯ ಬಿಲ್ಲೆಗಳು ನಮ್ಮ ಸೀಮೆಯ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಇರುವುವು. ಅವುಗಳನ್ನು ಉಳ್ಳ ಗೃಹಸ್ಥರು ಕೆಲವು ವಿಷಯಗಳನ್ನು ಮನಸ್ಸಿನಲ್ಲಿಡಬೇಕು. ನೂರು ವರ್ಷಗಳನ್ನು ದಾಟಿದ ನಾಣ್ಯವು ೧೯೭೨ರ ಪ್ರಾಚೀನ ವಸ್ತುಗಳ ಕಾಯಿದೆಗೆ ಒಳಪಟ್ಟದ್ದು; ಅದರ ವ್ಯಾಪಾರವನ್ನು ಮಾಡುವವನಿಗೆ ಪರವಾನಗಿ ಇರಬೇಕು, ಖಾಸಗಿಯವರು ಅದನ್ನು ದೇಶದ ಹೊರಕ್ಕೆ ಸಾಗಿಸುವಂತಿಲ್ಲ. ಪಾಯ ತೋಡುವಾಗಲೋ ಹೊಲ ಉಳುವಾಗಲೋ ನಿಧಿಯು ಸಿಕ್ಕಿದರೆ, ೧೮೭೮ರ ನಿಧಿ ಕಾಯಿದೆಯ ಪ್ರಕಾರ ಅದನ್ನು ಕಲೆಕ್ಟರಿಗೆ ತಿಳಿಸುವುದು ಕರ್ತವ್ಯ. ಅದನ್ನು ಗುಟ್ಟಾಗಿ ಮಾರುವುದು ಅಪರಾಧ. ಪಿತ್ರಾರ್ಜಿತವಾಗಿ ಬಂದದ್ದನ್ನು ತಿಕ್ಕದೆ, ಕೊಂಡಿ ಬೆಸೆಯದೆ, ಒಂದೊಂದನ್ನೂ ಬೇರೆಬೇರೆಯಾಗಿ ಕಾಗದದಲ್ಲಿ ಸುತ್ತಿಡಬೇಕು. ಮಾರುವ ಕಾಲವು ಬಂದರೆ, ಲೋಹವೇ ಬೆಲೆಯಾದುದನ್ನು ತಕ್ಕಡಿಗೆ ಕೊಡಬೇಕು; ಕಥೆಯೂ ವಿರಳತೆಯೂ ಬೆಲೆಯಾದುದನ್ನು ಹತ್ತು ಜನರ ಎದುರಿನ ಕೂಗಿಗೆ ಕೊಡಬೇಕು. ಕೊಳ್ಳುವವನಾದರೆ, ಮನೆಯಲ್ಲಿ ಬರೆದ ಚೀಟಿಯನ್ನು ಹರಾಜಿನ ಮನೆಯಲ್ಲಿ ತಿದ್ದಬಾರದು.

ಅದಾದ ಎರಡು ತಿಂಗಳ ಮೇಲೆ, ನಾನು ಪರಿಚಯದ ವ್ಯಾಪಾರಿಯೊಬ್ಬರಿಂದ ೧೯೧೨ರ ರೂಪಾಯಿಯೊಂದನ್ನು ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು ಕೊಟ್ಟು ತಂದೆನು. ಅದು ಬೇಕಾದಷ್ಟು ಸಿಕ್ಕುವ ನಾಣ್ಯ. ಯಾರೂ ಅದಕ್ಕಾಗಿ ಜಗಳವಾಡುವುದಿಲ್ಲ. ನೆರೆಮನೆಯ ಮಕ್ಕಳು ಬಂದಾಗ ಭೂತಗನ್ನಡಿಯನ್ನು ಕೊಟ್ಟು ದೊರೆಯ ನಿಲುವಂಗಿಯನ್ನು ತೋರಿಸುತ್ತೇನೆ. ಸ್ವಲ್ಪ ಹೊತ್ತು ಹುಡುಕಿ, ಆನೆ ಸಿಕ್ಕಿತು ತಾತ ಎಂದು ಕೂಗುತ್ತಾರೆ. ಸೊಂಡಿಲು ಅವರಿಗೆ ಚೆನ್ನಾಗಿ ಕಾಣುತ್ತದೆ.